ಹಾವಕ್ಕಿಯ ಕತ್ತು ಬಗ್ಗಿಸಲು ಕೊಡುವುದಿಲ್ಲ

ಫೆಬ್ರವರಿ 4

ಪಕ್ಷಿ ವಿಭಾಗದ ಮೇಲ್ವಿಚಾರಕಿ ಅಮ್ಮಾವ್ರಿಗೆ,

ಬರೆಯುವ ಕೆಲಸ ನನಗೆ ಆಗಿಬರುವುದಿಲ್ಲ ಎಂದು ಗೊತ್ತಿದ್ದೂ ಬರೆ ಎಂದು ಕೂರಿಸಿದ್ದೀಯ. ಫೋನಿನಲ್ಲಿ ನಾನು ಕೂಗುತ್ತೇನಂತೆ. ಕೂಗಿದರೆ ನೀನು ಇಟ್ಟುಬಿಡುತ್ತೀಯಂತೆ. "ಏನಿದ್ರೂ ಬರೆದು ಕಳಿಸಮ್ಮ, ಕಾಗದದ ಮೇಲೆ ಕೂಗೋಕಾಗಲ್ಲ" ಎಂದೆ. ಆಗುತ್ತದೆ, ನೋಡುತ್ತಿರು. ಐದನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಸೂಜಿ, ತಂತಿ, ಕತ್ತರಿ ಹಿಡಿದು ಪಳಗಿದ ಕೈ ಇದು. ಪೆನ್ನು ಹಿಡಿದರೆ ನಾಲ್ಕು ಸಾಲಿಗೆ ಹೆಬ್ಬೆರಳು ಜುಮ್ಮೆನ್ನುತ್ತದೆ. ಆ ನೋವನ್ನೂ ನಿನ್ನ ಲೆಕ್ಕಕ್ಕೇ ಹಾಕಿಕೋ.

ಹಾವಕ್ಕಿ ಎಲ್ಲಿ ಎಂದು ನೀನು ಕೇಳಿದೆ. ನಾನು ಬಾಯಿ ತೆರೆಯುವುದರೊಳಗೆ ಫೋನ್ ಇಟ್ಟೆ. ಈಗ ಓದಿಕೋ. ಹಾವಕ್ಕಿ ನನ್ನ ಅಡುಗೆಮನೆಯಲ್ಲಿದೆ. ಕದ್ದಿದ್ದಲ್ಲ, ಹಗಲು ಹೊತ್ತಿನಲ್ಲಿ ಎಲ್ಲರ ಮುಂದೆ ಎತ್ತಿಕೊಂಡು ಬಂದಿದ್ದು. ವಾಪಸ್ ಕೊಡುವುದಿಲ್ಲ.

ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ, ನೀನು ಅಲ್ಲೇ ಇದ್ದೆ. ಆದರೂ ಹೇಳುತ್ತೇನೆ. ಸಂಗ್ರಹಾಲಯದ ಹೊಸ ಗಾಜಿನ ಗೂಡಿಗೆ ಇಡುವ ಮುಂಚೆ ನಾಲ್ಕು ನೀರುಹಕ್ಕಿಗಳ ಧೂಳು ಹೊಡೆದುಕೊಡಿ ಎಂದು ಕೆಲಸ ಬಿಟ್ಟವಳನ್ನು ಕರೆಸಿದಿರಿ. ಬಂದೆ. ಸತ್ತ ನಾಲ್ಕನ್ನೂ ಸುಲಿದು, ನಾರು ತುಂಬಿ ನಿಲ್ಲಿಸಿದವಳು ನಾನೇ ತಾನೆ. ದೊಡ್ಡ ನೀರುಕಾಗೆ ಕೂತಿತು, ಸಣ್ಣದು ಕೂತಿತು, ಗುಳುಮುಳುಕ ಕೂತಿತು. ಹಾವಕ್ಕಿಯನ್ನು ಒಳಗಿಟ್ಟರೆ ಗೂಡಿನ ಮೇಲ್ಹಲಗೆ ಅದರ ಗಂಟಲಿಗೆ ಬಂತು. ಒಂದು ಗೇಣು ಕಡಿಮೆ. ಬಡಗಿ ತಲೆ ಕೆರೆದುಕೊಂಡ. ಆಗ ನಿಮ್ಮ ನಿರ್ದೇಶಕರು ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದರು.

"ಎಲ್ಲಾ ಒಂದೇ ಕರಿ ಹಕ್ಕಿ ಅಲ್ವಾ? ಇದರ ಕತ್ತು ಸ್ವಲ್ಪ ಬಗ್ಸಿ ಕೂರ್ಸಿ, ಮುಗೀತು."

ಬಡಗಿ ನನ್ನನ್ನು ನೋಡಿದ. ನಾನು ನಿನ್ನನ್ನು ನೋಡಿದೆ. ನೀನು ಕನ್ನಡಕ ತೆಗೆದು ಒರೆಸಿದೆ. ಅದು ಮೊದಲೇ ಶುಭ್ರವಾಗಿತ್ತು.

ಎಲ್ಲಾ ಒಂದೇ ಅಂತೆ. ನಾಲ್ಕೂ ಮುಳುಗುತ್ತವೆ, ನಾಲ್ಕೂ ಮೀನು ತಿನ್ನುತ್ತವೆ, ದೂರದಿಂದ ನಾಲ್ಕೂ ಕಪ್ಪಗೆ ಕಾಣುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯಿತು. ದೊಡ್ಡ ನೀರುಕಾಗೆ ಬೆನ್ನಟ್ಟಿ ಹಿಡಿಯುವ ಜಾತಿ. ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಬಾಗಿದೆ, ಕಚ್ಚಿದ್ದನ್ನು ಬಿಡುವುದಿಲ್ಲ. ಗಂಟಲ ಬುಡದಲ್ಲಿ ಹಳದಿ ಚರ್ಮ, ಮೈ ಗಟ್ಟಿ. ಸಣ್ಣ ನೀರುಕಾಗೆ ಅದರ ಮರಿಯಲ್ಲ, ದಾಯಾದಿ. ಮೋಟು ಕೊಕ್ಕು, ಗಿಡ್ಡ ಕತ್ತು, ಗುಂಪು ಕಟ್ಟಿಕೊಂಡು ನುಗ್ಗಿ ಮೀನಿನ ದಾರಿ ಕಟ್ಟುತ್ತದೆ, ನಲ್ಲಿಯ ಮುಂದೆ ಕೊಡ ಹಿಡಿದ ಹೆಂಗಸರ ಹಾಗೆ. ಗುಳುಮುಳುಕ ಇವರ ನೆಂಟನೇ ಅಲ್ಲ. ಬಣ್ಣವೂ ಕಪ್ಪಲ್ಲ, ಕಂದು. ಬೆರಳುಗಳ ನಡುವೆ ಜಾಲವಿಲ್ಲ, ಒಂದೊಂದು ಬೆರಳಿಗೂ ಎಲೆಯಂಥ ಅಂಚು. ಬಾಲವಂತೂ ಇದೆಯೋ ಇಲ್ಲವೋ. ನೀರಿಂದೆದ್ದು ರೆಕ್ಕೆ ಹರಡಿ ನಿಲ್ಲುವ ಚಟವೂ ಅದಕ್ಕಿಲ್ಲ. ಒಟ್ಟಿಗೆ ಈಜುತ್ತದೆ ಎಂದು ಒಂದೇ ಮನೆತನಕ್ಕೆ ಸೇರಿಸಿದ್ದೀರಿ.

ಹಾವಕ್ಕಿ ನೀರುಕಾಗೆಯ ಹತ್ತಿರದ ಸಂಬಂಧವೇ ಹೌದು. ನಾಲ್ಕು ಬೆರಳಿಗೂ ಸೇರಿ ಒಂದೇ ಜಾಲ, ಎರಡಕ್ಕೂ. ಆದರೆ ಗುಣ ಬೇರೆ. ಅದು ಯಾರ ಬೆನ್ನನ್ನೂ ಹತ್ತುವುದಿಲ್ಲ. ಕೊಕ್ಕೆ ಇಲ್ಲ ಅದಕ್ಕೆ, ದಬ್ಬಣವಿದೆ. ಕಾಯುತ್ತದೆ, ಚುಚ್ಚುತ್ತದೆ, ಮೇಲೆ ಬಂದು ಮೀನನ್ನು ಗಾಳಿಗೆ ಹಾರಿಸಿ ತಲೆ ಮೊದಲಾಗಿ ನುಂಗುತ್ತದೆ. ಅಷ್ಟೂ ಜೀವ ಕತ್ತಿನಲ್ಲಿದೆ. ಚರ್ಮ ಸುಲಿದಾಗ ನೋಡಿದೆನಲ್ಲ, ಕತ್ತಿನ ನಡುವೆ ಒಂದು ಎಲುಬು ಬಾಗಿಲ ತಿರುಗಣಿಯ ಹಾಗೆ ಕೂತಿತ್ತು. ಆ ತಿರುವನ್ನು ತಂತಿಯಲ್ಲಿ ತರುವಷ್ಟರಲ್ಲಿ ನನಗೆ ಜ್ವರ ಬಂದಿತ್ತು. ಅದನ್ನು ಬಗ್ಗಿಸಿ ಕೂರಿಸಿದರೆ ಅದು ಹಾವಕ್ಕಿಯಲ್ಲ, ಒದ್ದೆ ಕೊಡೆ.

ಹೊರಗೆ ತಂದಿದ್ದು ಹೇಗೆ ಎಂದೂ ಬರೆಯುತ್ತೇನೆ, ಆಮೇಲೆ ಪಾಪದ ಗೇಟಿನವನನ್ನು ಹಿಡಿದು ಆಡಿಸಬೇಡಿ. ಅವನಿಗೆ ಗಡಿಯಾರ ಎಂದು ಹೆಸರು ಬಿದ್ದಿದ್ದೇ ಹೋಗಿಬರುವವರಿಗೆಲ್ಲ ಹೊತ್ತು ಹೇಳುವುದಕ್ಕೆ.

"ಏನಕ್ಕ ಅದು, ಹೊದಿಕೆಯೊಳಗೆ?"

"ರಿಪೇರಿ."

"ವಾಪಸ್ ಎಷ್ಟೊತ್ತಿಗೆ?"

"ನಿಮ್ಮ ಸಾಹೇಬರು ರಿಪೇರಿ ಆದಾಗ."

ಬಸ್ಸಿನಲ್ಲಿ ಕಂಡಕ್ಟರು ಹಿಡಿದುಕೊಂಡ. ರೆಕ್ಕೆ ಬಿಚ್ಚಿದ ಹಕ್ಕಿ ಅರ್ಧ ಬಸ್ಸು ತಿನ್ನುತ್ತದೆ.

"ಅಜ್ಜಿ, ಮಡಚಿ ಹಿಡ್ಕೊಳಿ."

"ಮಡಚೋಕಾಗಲ್ಲ ಅಂತಲೇ ತಂದಿದ್ದು."

"ಹಂಗಾದ್ರೆ ಅದಕ್ಕೂ ಟಿಕೆಟ್."

"ಸತ್ತಿದೆಯಪ್ಪ."

"ಸತ್ತೋರು ಕಿಟಕಿ ಪಕ್ಕದ ಸೀಟು ಕೇಳಲ್ಲಜ್ಜಿ."

ಟಿಕೆಟ್ ತೆಗೆದುಕೊಂಡೆ. ಹಕ್ಕಿ ನ್ಯಾಯವಾಗಿ ಪ್ರಯಾಣ ಮಾಡಿದೆ. ಗೂಡಿನ ತಲೆ ಎತ್ತರಿಸಿದ ದಿನ ಹೇಳಿಕಳಿಸು, ತಂದುಕೊಡುತ್ತೇನೆ. ಅಲ್ಲಿಯವರೆಗೆ ಇಲ್ಲ.

ಅಮ್ಮ


ಫೆಬ್ರವರಿ 12

ಮಾನ್ಯರೇ,

ವಿಷಯ: ಸಂಗ್ರಹಾಲಯದ ಹಾವಕ್ಕಿ ಮಾದರಿಯನ್ನು ಹಿಂದಿರುಗಿಸುವ ಬಗ್ಗೆ.

ಮೇಲ್ಕಂಡ ಮಾದರಿಯು ಅನುಮತಿಯಿಲ್ಲದೆ ಕಟ್ಟಡದಿಂದ ಹೊರಹೋಗಿರುವುದು ಗಮನಕ್ಕೆ ಬಂದಿದೆ. ನವೀಕರಿಸಿದ ಪಕ್ಷಿ ಸಭಾಂಗಣವು ಏಪ್ರಿಲ್ 20ರಂದು ಸಾರ್ವಜನಿಕರಿಗೆ ತೆರೆಯಲಿದೆ. ಗಾಜಿನ ಗೂಡುಗಳ ಕೆಲಸ ಪೂರ್ಣಗೊಂಡು ಮೇಲ್ಭಾಗವನ್ನು ಮುಚ್ಚಲಾಗಿರುವುದರಿಂದ ಅಳತೆಯಲ್ಲಿ ಬದಲಾವಣೆ ಸಾಧ್ಯವಿರುವುದಿಲ್ಲ. ಆದ್ದರಿಂದ ಮಾದರಿಯನ್ನು ಸುಸ್ಥಿತಿಯಲ್ಲಿ ಕೂಡಲೇ ಹಿಂದಿರುಗಿಸಬೇಕೆಂದು ಕೋರಲಾಗಿದೆ.

ಹಂಗಾಮಿ ಮೇಲ್ವಿಚಾರಕಿ, ಪಕ್ಷಿ ವಿಭಾಗ

(ಕೆಳಗೆ, ಪೆನ್ಸಿಲಿನಲ್ಲಿ)

ಇದು ನಿರ್ದೇಶಕರು ಹೇಳಿ ಬರೆಸಿದ್ದು. ಅಡುಗೆಮನೆಯಲ್ಲಿ ಇಡಬೇಡ, ಜಿಡ್ಡು ಹಿಡಿದರೆ ಗರಿಯಿಂದ ಹೋಗುವುದಿಲ್ಲ. ಮಂಚದ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಇಡು.


ಫೆಬ್ರವರಿ 19

ಮಗಳೇ,

ನಿನ್ನ 'ಮಾನ್ಯರೇ' ಬಂತು. ಓದಿ ನಾಲ್ಕಾಗಿ ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದೇನೆ. ಈಗ ಮೇಜು ಅಲುಗುವುದಿಲ್ಲ. ಸರ್ಕಾರಿ ಕಾಗದದಿಂದ ಒಬ್ಬರಿಗಾದರೂ ಉಪಕಾರವಾಯಿತು.

ಪೆನ್ಸಿಲಿನಲ್ಲಿ ಬರೆದಿದ್ದು ಸರಿ ಇತ್ತು. ಮಂಚದ ಕೋಣೆಗೆ ಸಾಗಿಸಿದೆ. ಈಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ, ಇಲ್ಲದಿದ್ದರೆ ಕಣ್ಣು ಬಿಟ್ಟ ಕೂಡಲೇ ದಬ್ಬಣ ಮೂಗಿನ ಮೇಲಿರುತ್ತದೆ. ಮೇಲಿನ ಮನೆಯ ದರ್ಜಿಯ ಹೆಂಡತಿ ಸಕ್ಕರೆ ಕೇಳಲು ಬಂದವಳು ಅದನ್ನು ಕಂಡು ಲೋಟ ಬಿಟ್ಟಳು. "ಇದೇನಜ್ಜಿ, ಹಾವೋ ಹಕ್ಕಿಯೋ" ಎಂದಳು. ನೋಡು, ಓದುಬರಹ ಇಲ್ಲದವಳಿಗೂ ಇದು 'ಎಲ್ಲಾ ಒಂದೇ ಕರಿ ಹಕ್ಕಿ' ಎಂದು ಕಾಣಲಿಲ್ಲ.

ಇನ್ನೊಂದು ವಿಷಯ. ಭಾನುವಾರ ನಿಮ್ಮ ಬಡಗಿ ಬಂದಿದ್ದ. ಯಾರೂ ಕಳಿಸಿರಲಿಲ್ಲ, ತಾನೇ ಬಂದಿದ್ದು. ಒಳ್ಳೆಯ ಮನುಷ್ಯ. ಬಾಗಿಲಲ್ಲೇ ನಿಂತು ಚಪ್ಪಲಿಯ ಜತೆ ಮಾತಾಡಿದ ಮೊದಲು. ಚಹಾ ಕೊಟ್ಟ ಮೇಲೆ ನಾಲಗೆ ಸಡಿಲವಾಯಿತು.

"ಅಮ್ಮಾ, ತಪ್ಪು ನನ್ನ ತಲೆ ಮೇಲೆ ಬರ್ತಾ ಇದೆ. ಆದ್ರೆ ನಂದಲ್ಲ. ಗೂಡು ಮಾಡೋಕೆ ಮುಂಚೆ ನಾನು ಕೇಳ್ದೆ, ನಾಲ್ಕರಲ್ಲಿ ದೊಡ್ಡದು ಯಾವುದು, ಅದರ ಅಳತೆ ಕೊಡಿ ಅಂತ. ಆ ಮೇಡಂ ಇದ್ದಾರಲ್ಲ, ಪುಸ್ತಕದಿಂದ ತಲೇನೇ ಎತ್ತಲ್ಲ ಪುಣ್ಯಾತ್ಗಿತ್ತಿ, ದೊಡ್ಡ ನೀರುಕಾಗೆ ಅಂದ್ರು. ನಾನು ಅದನ್ನ ಅಳ್ದೆ."

ನಾನು ಚಹಾದ ಲೋಟ ಕೆಳಗಿಟ್ಟೆ.

ಪುಸ್ತಕದಲ್ಲಿ ಅದು ಸರಿಯೇ. ತೂಕ ಹಾಕಿದರೆ ದೊಡ್ಡ ನೀರುಕಾಗೆಯ ಮುಂದೆ ಹಾವಕ್ಕಿ ನಿಲ್ಲುವುದಿಲ್ಲ. ಆದರೆ ಬಡಗಿಗೆ ಬೇಕಾಗಿದ್ದು ಎತ್ತರ. ಅವನು ಮರದ ಭಾಷೆಯಲ್ಲಿ ಕೇಳಿದ, ನೀನು ಪುಸ್ತಕದ ಭಾಷೆಯಲ್ಲಿ ಹೇಳಿದೆ. ಇಬ್ಬರೂ ಸುಳ್ಳು ಹೇಳಲಿಲ್ಲ, ಗೂಡು ಮಾತ್ರ ಗಿಡ್ಡವಾಯಿತು. ನಗು ಬಂತು ನನಗೆ. ಅವನಿಗೆ ಯಾಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲೆ ಹೋಯಿತು. ಪದವಿಯ ಕರಿ ನಿಲುವಂಗಿ ಹಾಕಿಕೊಂಡು ಸುರುಳಿ ಹಿಡಿದಿರುವ ನಿನ್ನ ಫೋಟೊ ಅಲ್ಲಿದೆಯಲ್ಲ.

"ಇವ್ರು ಇಲ್ಲಿ ಹ್ಯಾಗೆ?"

"ಹೊಟ್ಟೆಯೊಳಗೆ ಜಾಗ ಕೊಟ್ಟೋಳು ಗೋಡೆ ಮೇಲೆ ಕೊಡಬಾರ್ದಾ?"

ಪಾಪ, ಚಹಾ ನೆತ್ತಿಗೇರಿತು. ಬೆನ್ನು ತಟ್ಟಿದೆ. ಆಮೇಲೆ ಅವನು ಹೇಳಿದ, "ಇಷ್ಟು ವರ್ಷ ಆ ಕಟ್ಟಡದಲ್ಲಿ ಕೆಲಸ ಮಾಡಿದ್ದೀನಿ ಅಮ್ಮಾ. ಮೇಡಂ ನಿಮ್ಮನ್ನ 'ಹಿಂದಿನ ಕೋಣೆಯವರು' ಅಂತಲೇ ಅನ್ನೋದು ಕೇಳಿದ್ದೀನಿ. ಬೇರೆ ಏನೂ ಕೇಳಿಲ್ಲ."

ನಾನು ಎದ್ದು ಡಬ್ಬಿ ತೆಗೆದೆ. ಬಿಸ್ಕತ್ತು ಕೊಟ್ಟೆ.

ಗೂಡಿನ ತಲೆ ಎತ್ತರಿಸಲು ಆಗುತ್ತದೋ ಎಂದು ಅವನನ್ನೇ ಕೇಳಿದೆ. ಮೇಲ್ಹಲಗೆಗೆ ಗಾಜು ಕೂತು ಅಂಟು ಒಣಗಿದೆ, ಬಿಚ್ಚಿದರೆ ಒಡೆಯುತ್ತದೆ, ಅಂಥ ದಪ್ಪ ಗಾಜು ಮತ್ತೆ ಬರುವುದು ಯಾವಾಗಲೋ ಎಂದ. ಅಂದರೆ ನಿನ್ನ 'ಸಾಧ್ಯವಿರುವುದಿಲ್ಲ' ನಿಜ. ನನ್ನ 'ಕೊಡುವುದಿಲ್ಲ'ವೂ ನಿಜ. ಎರಡು ನಿಜ ಎದುರುಬದುರು ಕೂತಿವೆ. ಯಾವುದು ಮೊದಲು ಏಳುತ್ತದೆ ನೋಡೋಣ.

ಅಮ್ಮ


ಮಾರ್ಚ್ 2

ಅಮ್ಮ,

ಕಚೇರಿಯಲ್ಲಿ ಕೂತು ಬರೆಯುತ್ತಿಲ್ಲ, ನನ್ನ ಕೋಣೆಯಲ್ಲಿದ್ದೇನೆ. ಆದ್ದರಿಂದ ಮಾನ್ಯರೇ ಇಲ್ಲ.

ಹೌದು, ಬಡಗಿಗೆ ಹೇಳಿದವಳು ನಾನೇ. ಅವನು ಕೇಳಿದಾಗ ನಾನು ಬೇರೆ ಕೆಲಸದಲ್ಲಿದ್ದೆ, ತಲೆ ಎತ್ತದೆ ಹೇಳಿದೆ. ಆ ದಿನ ಹಲಗೆ ಗಂಟಲಿಗೆ ಬಂದಾಗಲೇ ನನಗೆ ಗೊತ್ತಾಯಿತು. ಕನ್ನಡಕ ಒರೆಸಿದ್ದು ಅದಕ್ಕೆ. ನಿನ್ನ ಹಕ್ಕಿಯ ಮೇಲಿನ ಅಸಡ್ಡೆಗಲ್ಲ. ಬಾಯಿ ಬಿಟ್ಟರೆ ಮೊದಲು ಬರುವ ಮಾತು 'ತಪ್ಪು ನನ್ನದು' ಎಂದಾಗಬೇಕಿತ್ತು, ಅದು ಬರಲಿಲ್ಲ. ನಿರ್ದೇಶಕರು ಈಗಲೂ ಬಡಗಿಯನ್ನೇ ಬೈಯುತ್ತಿದ್ದಾರೆ. ನನ್ನನ್ನು ಖಾಯಂ ಮಾಡುವ ಸಭೆ ಮೇ ತಿಂಗಳಲ್ಲಿದೆ. ಅಷ್ಟರವರೆಗೆ ಇದು ಹೀಗೇ ಕಳೆದರೆ ಸಾಕು ಎಂದುಕೊಂಡಿದ್ದೆ. ಬೈಯುತ್ತೀಯ, ಬೈ.

ಒಂದು ದಾರಿ ಇದೆ. ನೀನೇ ಬಂದು ಕತ್ತನ್ನು ಬಗ್ಗಿಸು. ಹಳೆಯ ಚರ್ಮ, ಬೇರೆ ಯಾರು ಮುಟ್ಟಿದರೂ ಬಿರಿಯುತ್ತದೆ. ನಿನ್ನ ಕೈಯಲ್ಲಿ ಬಿರಿಯುವುದಿಲ್ಲ. ತೇವದ ಬಟ್ಟೆ ಸುತ್ತಿ ಮೆತ್ತಗೆ ಮಾಡಿ ಸ್ವಲ್ಪವೇ ಇಳಿಸಿದರೆ ಸಾಕು. ನೋಡುವವರಿಗೆ ಅದು ವಿಶ್ರಾಂತಿ ತೆಗೆದುಕೊಳ್ಳುತ್ತಿರುವ ಹಾಗೆ ಕಾಣುತ್ತದೆ.

ಇನ್ನು ಬಡಗಿ ಹೇಳಿದ ಮಾತು. ಅದನ್ನು ನೀನು ಬರೆದು, ಬಿಸ್ಕತ್ತು ಕೊಟ್ಟೆ ಎಂದು ಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ನೆನಪಿದೆಯೇ, ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ ನೀನೇ ಹೇಳಿದೆ: "ಇಲ್ಲಿ ನನ್ನನ್ನ ಅಮ್ಮ ಅನ್ಬೇಡ. ಹಕ್ಕಿ ತುಂಬೋಳ ಮಗಳು ಅಂತ ಸೇರಿಸ್ಕೊಂಡ್ರು ಅಂತಾರೆ. ನೀನು ಓದಿ ಬಂದೋಳು." ನೀನು ಹೇಳಿದ್ದನ್ನೇ ನಾನು ಮಾಡಿದೆ.

ನಿನ್ನ ಮಗಳು


ಮಾರ್ಚ್ 7

ಹೇಳಿದ್ದೆ. ಮೊದಲ ದಿನಕ್ಕೆ ಹೇಳಿದ್ದು. ಜೀವಮಾನಕ್ಕಲ್ಲ.

ಎರಡನೇ ದಿನ ನೀನು ಕರೆಯಬಹುದು ಎಂದುಕೊಂಡಿದ್ದೆ. ಒಂದು ವಾರ ಹೋಗಲಿ ಎಂದುಕೊಂಡೆ. ನಾನು ಕೆಲಸ ಬಿಟ್ಟ ದಿನ ನೀವೆಲ್ಲ ನಿಂತು ಹೂವಿನ ಗೊಂಚಲು ಕೊಟ್ಟಿರಲ್ಲ, ಆ ದಿನ ಖಂಡಿತ ಕರೆಯುತ್ತೀಯ ಎಂದುಕೊಂಡಿದ್ದೆ. "ಇವರು ನಮ್ಮ ಹಿಂದಿನ ಕೋಣೆಯ ಹಿರಿಯರು" ಎಂದೆ ನೀನು. ಹೂವು ಚೆನ್ನಾಗಿತ್ತು.

ಹಿರಿಯರು ಸಿಟ್ಟಿನಲ್ಲಿ ಒಂದು ಮಾತು ಹೇಳಿರುತ್ತಾರೆ, ಹೆದರಿ ಒಂದು ಮಾತು ಹೇಳಿರುತ್ತಾರೆ. ಊಟ ಬೇಡ ಎಂದರೆ ಎರಡನೇ ಸಲ ಕೇಳುವುದಿಲ್ಲವೇ? ಅಷ್ಟು ಓದಿದ್ದೀಯ, ಅದೊಂದು ಯಾವ ಪುಸ್ತಕದಲ್ಲೂ ಇರಲಿಲ್ಲವೇ?

ಕತ್ತು ಬಗ್ಗಿಸುವ ಮಾತಿಗೆ ಉತ್ತರ: ಇಲ್ಲ. ವಿಶ್ರಾಂತಿ ತೆಗೆದುಕೊಳ್ಳುವ ಹಾಗೆ ಕಾಣುತ್ತದಂತೆ. ನಾನು ಈ ಹಕ್ಕಿಗೆ ಕೊಟ್ಟಿರುವುದು ಚುಚ್ಚುವ ಮುಂಚಿನ ಗಳಿಗೆ. ಅದಕ್ಕೆ ವಿಶ್ರಾಂತಿ ಬೇಕಾಗಿಲ್ಲ. ನನ್ನ ಕೈಯಲ್ಲಿ ಬಿರಿಯುವುದಿಲ್ಲ ಎನ್ನುವುದು ನಿಜ. ಅದಕ್ಕೇ ನನ್ನ ಕೈ ಅದನ್ನು ಮಾಡುವುದಿಲ್ಲ. ಸಭಾಂಗಣವನ್ನು ಮೂರು ಹಕ್ಕಿ ಇಟ್ಟುಕೊಂಡು ತೆರೆಯಿರಿ. ನಾಲ್ಕನೆಯದು ಎಲ್ಲಿ ಎಂದು ಕೇಳಿದವರಿಗೆ ನನ್ನ ವಿಳಾಸ ಕೊಡಿ.

ಹಿಂದಿನ ಕೋಣೆಯವರು


ಮಾರ್ಚ್ 30

ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಆ ಹೂವಿನ ಗೊಂಚಲೇ ನೆನಪಾಗುತ್ತಿತ್ತು. ಅದನ್ನು ಆರಿಸಿ ತಂದವಳೂ ನಾನೇ ಎಂದು ನಿನಗೆ ಗೊತ್ತಿಲ್ಲ. ಹಳದಿ ನಿನಗೆ ಆಗುವುದಿಲ್ಲ ಎಂದು ಅಂಗಡಿಯವನ ಹತ್ತಿರ ಜಗಳವಾಡಿ ಬಿಳಿಯದು ತಂದಿದ್ದೆ. ಹೋಗಲಿ.

ಹಕ್ಕಿಯ ವಿಷಯಕ್ಕೆ ಬರುತ್ತೇನೆ. ಕಳೆದ ವಾರವೆಲ್ಲ ಮಧ್ಯಾಹ್ನದ ಬಿಡುವಿನಲ್ಲಿ ಕೆರೆಯ ತೂಬಿನ ಕಟ್ಟೆಗೆ ಹೋಗುತ್ತಿದ್ದೆ. ಊಟದ ಡಬ್ಬಿ ಅಲ್ಲೇ. ಬಿಸಿಲು ನೆತ್ತಿಯ ಮೇಲಿರುವಾಗ ಅಲ್ಲಿ ನೀರು ತಳದವರೆಗೆ ಕಾಣುತ್ತದೆ, ಕಟ್ಟೆಯಿಂದ ಬಗ್ಗಿ ನೋಡಿದರೆ ಹಕ್ಕಿಗಳ ಬೆನ್ನು ನಮ್ಮ ಕೆಳಗೇ ಇರುತ್ತದೆ. ಮೊದಲ ಎರಡು ದಿನ ನೀರುಕಾಗೆಗಳೇ. ಮುಳುಗಿದ ಕೂಡಲೇ ರೆಕ್ಕೆಯನ್ನು ಮೈಗೆ ಅದುಮಿಕೊಳ್ಳುತ್ತವೆ, ಎರಡೂ ಕಾಲು ಒಟ್ಟಿಗೆ ಒದೆಯುತ್ತವೆ, ಬಿಟ್ಟ ಬಾಣದ ಹಾಗೆ ಮೀನಿನ ಹಿಂದೆ ಓಡುತ್ತವೆ.

ಮೂರನೇ ದಿನ ಹಾವಕ್ಕಿ ಬಂತು. ಅದು ಮುಳುಗಲೇ ಇಲ್ಲ ಅಮ್ಮ, ಇಳಿಯಿತು. ಮೊದಲು ಬೆನ್ನು ನೀರಿನೊಳಗೆ ಹೋಯಿತು, ಕತ್ತು ಮಾತ್ರ ಹೊರಗೆ, ನೆಟ್ಟ ಕೋಲಿನ ಹಾಗೆ. ಆಮೇಲೆ ಅದೂ ಹೋಯಿತು. ಕೆಳಗೆ ನೋಡಿದರೆ ರೆಕ್ಕೆ ಮುಚ್ಚಿರಲಿಲ್ಲ. ಅರ್ಧ ಬಿಚ್ಚಿಕೊಂಡು, ಬಾಲ ಹರಡಿಕೊಂಡು, ಓಡದೆ, ಹುಲ್ಲಿನ ಪಕ್ಕದಲ್ಲಿ ನಿಧಾನವಾಗಿ ತೆವಳುತ್ತಿತ್ತು. ಕತ್ತು ಹಿಂದಕ್ಕೆ ಸೆಳೆದಿಟ್ಟುಕೊಂಡಿತ್ತು. ನಾನು ಡಬ್ಬಿ ನೀರಿಗೆ ಬೀಳಿಸಿದೆ. ಹಕ್ಕಿ ಬೆದರಿ ಹಾರಿಹೋಯಿತು. ಮರುದಿನ ಮತ್ತೆ ಹೋದೆ, ಮತ್ತೆ ನೋಡಿದೆ. ಅದು ಹಾಗೇ ಬೇಟೆಯಾಡುತ್ತದೆ.

ನಿನ್ನ ಹಕ್ಕಿ ರೆಕ್ಕೆ ಬಿಚ್ಚಿಕೊಂಡು ಗೂಟದ ಮೇಲೆ ನಿಂತಿದೆ. ಗೂಟ ತೆಗೆದುಬಿಟ್ಟರೆ? ಗೂಡಿನ ಕೆಳಹಲಗೆ ಕೊರೆದು ಮೈಯನ್ನು ಕೆಳಗಿನ ಪೆಟ್ಟಿಗೆಗೆ ಇಳಿಸಿದರೆ? ಅಲ್ಲಿ ಒಂದೂವರೆ ಗೇಣು ಖಾಲಿ ಇದೆ, ದೀಪದ ತಂತಿಗಳಿಗೆ ಬಿಟ್ಟ ಜಾಗ. ಅದರ ಎದುರಿನ ಹಲಗೆ ತೆಗೆದು ಅಲ್ಲಿಗೂ ಗಾಜು ಹಾಕಬಹುದು. ಮೇಲೆ ಒಂದು ಗಾಜಿನ ಹಾಳೆ, ಅದೇ ನೀರು. ಗಾಜಿನ ಕೆಳಗೆ ಬಿಚ್ಚಿದ ರೆಕ್ಕೆ, ಮೇಲೆ ಕತ್ತು. ನೀನು ಮಾಡಿದ ಹಾಗೇ, ಒಂದು ಎಳೆಯೂ ಬಗ್ಗಿಸದೆ.

ಬಡಗಿಯನ್ನು ಕೇಳಿದೆ. "ಮೇಲೆ ಎತ್ತೋಕಾಗಲ್ಲ, ಕೆಳಗೆ ಇಳಿಸೋದಕ್ಕೇನು" ಎಂದ. ನಿರ್ದೇಶಕರಿಗೆ, ಕೆಳಹಲಗೆಗೆ ಹುಳ ಬಿದ್ದಿದೆ, ಬದಲಾಯಿಸಬೇಕು ಎಂದು ಹೇಳಿದರೆ ಆಯಿತು. ಹಕ್ಕಿ ರಿಪೇರಿಗೇ ಹೋಗಿತ್ತು, ಬರೆದಿಡಲು ಮರೆತೆವು ಎಂದರೆ ಆಯಿತು. ಯಾರಿಗೂ ತೊಂದರೆಯಿಲ್ಲ.

ಇದು ಸುಳ್ಳು ನಿಲುವೋ, ನಿಜದ್ದೋ? ನೀನು ಹೇಳಬೇಕು. ನೀನು ಒಪ್ಪದೆ ನಾನು ಮಾಡಿಸುವುದಿಲ್ಲ.

ನಿನ್ನ ಮಗಳು


ಏಪ್ರಿಲ್ 8

ಮಗಳೇ,

ಈ ಕಾಗದಕ್ಕಾಗಿ ಮೂರು ಹಾಳೆ ಹರಿದಿದ್ದೇನೆ. ಸಿಟ್ಟಿಗಲ್ಲ. ನೀನು ಹೇಳಿದ್ದು ನಿಜ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೆ.

ಕಾಗದ ಬಂದ ದಿನ ನಿನಗೆ ಬಿಸಿಲು ತಾಗಿದೆ ಎಂದುಕೊಂಡೆ. ನೀರಿನೊಳಗೆ ರೆಕ್ಕೆ ಬಿಚ್ಚಿಕೊಂಡು ಯಾವ ಹಕ್ಕಿ ಮೀನು ಹಿಡಿಯುತ್ತದೆ, ಕೊಡೆ ಬಿಚ್ಚಿಕೊಂಡು ಓಡಿದ ಹಾಗಲ್ಲವೇ ಎಂದು ಗೋಡೆಗೆ ಹೇಳಿದೆ. ಮರುದಿನ ಕಟ್ಟೆಗೆ ಹೋದೆ. ಆ ಮೆಟ್ಟಿಲು ಕಟ್ಟಿದವನಿಗೆ ಮಂಡಿನೋವು ಬರಲಿ. ಕಟ್ಟೆಯ ಕಲ್ಲು ಕಾದ ಹೆಂಚಾಗಿತ್ತು, ಚೀಲ ಹಾಸಿಕೊಂಡು ಹೊಟ್ಟೆಯ ಮೇಲೆ ಮಲಗಿ ನೋಡಿದೆ. ತೂಬು ಕಾಯುವವನು ಓಡಿಬಂದ. "ಅಜ್ಜೀ, ಏನ್ ಕಷ್ಟ ಇದ್ರೂ ಮಾತಾಡೋಣ, ಮೊದ್ಲು ಹಿಂದೆ ಬನ್ನಿ" ಎಂದ. ಹಾರುವುದಾದರೆ ಇಷ್ಟು ಮೆಟ್ಟಿಲು ಹತ್ತಿ ಬರುತ್ತಿದ್ದೆನೇ, ಮನೆಯ ಹತ್ತಿರವೇ ಬಾವಿ ಇಲ್ಲವೇ ಎಂದೆ. ಅವನೂ ಪಕ್ಕದಲ್ಲಿ ಮಲಗಿದ. ಇಬ್ಬರೂ ನೋಡಿದೆವು.

ಬಂತು. ಇಳಿಯಿತು. ಬಿಚ್ಚಿತು. ಅರ್ಧ ಬಿಚ್ಚಿದ ರೆಕ್ಕೆಯ ನೆರಳು ಹುಲ್ಲಿನ ಮೇಲೆ ಬೀಳುತ್ತಿತ್ತು. ಒಂದು ಮೀನು ಆ ನೆರಳಿನ ಕೆಳಗೇ ಬಂದು ನಿಂತಿತು, ಮರದಡಿ ನಿಂತ ಹಾಗೆ. ಆಮೇಲೆ ಕತ್ತು ಹೋಗಿ ಬಂದಿದ್ದು ನನಗೆ ಕಾಣಲೇ ಇಲ್ಲ. ಹೊರಬಂದಾಗ ಮೀನು ದಬ್ಬಣದಲ್ಲಿತ್ತು.

ನಾನು ಸತ್ತ ಹಕ್ಕಿಗಳ ಜತೆ ಬದುಕಿದವಳು. ಅವುಗಳ ಹೊಟ್ಟೆಯಲ್ಲಿ ಏನಿದೆ ಎಂದು ನನಗೆ ಗೊತ್ತು, ನೀರಿನಲ್ಲಿ ಏನು ಮಾಡುತ್ತವೆ ಎಂದು ಗೊತ್ತಿಲ್ಲ. ಅದನ್ನು ನೋಡಲು ನೀನು ಬೇಕಾಯಿತು. ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಿಲುವು ನಿಜದ್ದೇ. ಒಪ್ಪಿದ್ದೇನೆ. ಆದರೆ ನಾನು ಹೇಳಿದ ಹಾಗೆ ಆಗಬೇಕು. ಮೈ ನೆಟ್ಟಗಿದೆ, ಹಾಗೇ ಇಳಿಸಿದರೆ ನೀರಿನಲ್ಲಿ ನಿಂತ ಹಾಗೆ ಕಾಣುತ್ತದೆ. ಬಾಲದ ಕಡೆ ತುಸು ತಗ್ಗಿಸಿ ಓರೆಯಾಗಿ ಕೂರಿಸಬೇಕು. ಕಾಲಿನ ತಂತಿ ನಾನೇ ತಿರುಗಿಸುತ್ತೇನೆ, ಪಾದ ಹಿಂದಕ್ಕೆ ಹೋಗಬೇಕು. ಕಾಲಿಗೆ ಬಣ್ಣ ಬೇಕು, ಹಳೆಯದು ಮಾಸಿದೆ. ಗಾಜಿನ ಹಾಳೆಯಲ್ಲಿ ಕತ್ತಿಗೆ ಕೊರೆಯುವ ತೂತು ಬಳೆಯಷ್ಟು ಸಾಕು, ಬಡಗಿ ಬಕೆಟ್ಟಿನಷ್ಟು ಕೊರೆಯದಂತೆ ಪಕ್ಕದಲ್ಲಿ ನಿಂತಿರು. ಅವನು ಯಾವುದು ದೊಡ್ಡದು ಎಂದು ಕೇಳಿದರೆ ತಲೆ ಎತ್ತಿ ಉತ್ತರ ಹೇಳು.

ಇನ್ನು ಹುಳ. ಕೆಳಹಲಗೆಗೆ ಯಾವ ಹುಳವೂ ಬಿದ್ದಿಲ್ಲ. ಹಕ್ಕಿ ರಿಪೇರಿಗೂ ಹೋಗಿಲ್ಲ. ಗೇಟಿನವನಿಗೆ ನಾನು ಹೇಳಿದ ಸುಳ್ಳು ನನ್ನದು, ನಾನು ಸಾಕಿಕೊಳ್ಳುತ್ತೇನೆ. ನಿನಗೆ ಬೇರೆ ಸುಳ್ಳು ಬೇಡ. ಆ ಬಡಗಿ ನನ್ನ ಮನೆಯಲ್ಲಿ ಚಹಾ ಕುಡಿದಿದ್ದಾನೆ. ಅವನು ಎರಡು ತಿಂಗಳಿಂದ ನಿನಗೆ ಬೀಳಬೇಕಾದ ಬೈಗುಳ ತಿನ್ನುತ್ತಿದ್ದಾನೆ, ಆದರೂ ನಿನ್ನ ಹೆಸರನ್ನು ನಿರ್ದೇಶಕರ ಮುಂದೆ ಎತ್ತಿಲ್ಲ. ನನ್ನ ಗೋಡೆಯ ಮೇಲಿನ ಫೋಟೊ ನೋಡಿದ ಮೇಲಂತೂ ಎತ್ತುವುದಿಲ್ಲ. ಇದು ನನಗೆ ನುಂಗಲಾಗದ ಮೀನು. ಹೋಗಿ ಹೇಳು. ಅಳತೆ ತಪ್ಪು ಕೊಟ್ಟಿದ್ದು ನಾನು ಎನ್ನು. ಹೆಚ್ಚೆಂದರೆ ಕೂಗುತ್ತಾರೆ. ಕೂಗಿಸಿಕೊಂಡು ಬೆಳೆದವಳು ನೀನು, ಅವರ ಗಂಟಲು ನನ್ನ ಗಂಟಲಿನ ಅರ್ಧವೂ ಇಲ್ಲ. ಖಾಯಂ ಮಾಡದಿದ್ದರೆ ಬಿಡಲಿ. ನನ್ನ ಮನೆಯಲ್ಲಿ ಮಂಚ ಇದೆ. ಹಾವಕ್ಕಿ ಎದ್ದುಹೋದ ಜಾಗವೂ ಇರುತ್ತದೆ.

ಹದಿನೆಂಟನೇ ತಾರೀಖು ಬೆಳಗ್ಗೆ ಹಕ್ಕಿ ತರುತ್ತೇನೆ. ಹಿಂಬಾಗಿಲಿಂದ ಬರುವುದಿಲ್ಲ. ಆ ಕಟ್ಟಡದಲ್ಲಿ ಅಷ್ಟು ಕಾಲ ಕೆಲಸ ಮಾಡಿ ಮುಂದಿನ ಮೆಟ್ಟಿಲು ಒಂದು ಸಲವೂ ಹತ್ತಿಲ್ಲ. ಈ ಸಲ ಅಲ್ಲಿಂದಲೇ. ಕೆಳಗಿನ ಮೆಟ್ಟಿಲಲ್ಲಿ ನಿಂತಿರುತ್ತೇನೆ, ನೀನು ಇಳಿದು ಬಂದು ಒಂದು ಕಡೆ ಹಿಡಿಯಬೇಕು. ಬಡಗಿಯನ್ನು ಕಳಿಸಬೇಡ, ಗಡಿಯಾರನನ್ನೂ ಕಳಿಸಬೇಡ. ನಿರ್ದೇಶಕರು ಮೇಲೆ ನಿಂತಿರುತ್ತಾರೆ. ನನ್ನನ್ನು ಎಷ್ಟೋ ಸಲ ನೋಡಿದ್ದಾರೆ, ಆದರೂ ಯಾರಿವರು ಎಂದು ಕೇಳುತ್ತಾರೆ. ಅವರ ಅಭ್ಯಾಸ ಅದು.

ಆಗ ನೀನು ಏನು ಹೇಳುತ್ತೀಯ ಎನ್ನುವುದನ್ನು ನಾನು ಮೊದಲೇ ತಿಳಿದುಕೊಂಡು ಬರಬೇಕು. ಮೆಟ್ಟಿಲ ಮೇಲೆ ಹಕ್ಕಿ ಹಿಡಿದುಕೊಂಡು ಕಾದು ನೋಡುವ ವಯಸ್ಸು ನನ್ನದಲ್ಲ. ಕಾರಣ ಬೇಡ, ವಿವರಣೆ ಬೇಡ, ನೀನು ಅವತ್ತು ಹೇಳಿದ್ದಕ್ಕೆ ಎಂದು ಮತ್ತೆ ಶುರು ಮಾಡುವುದೂ ಬೇಡ. ಅವರಿಗೆ ಹೇಳುವ ಪದ ಯಾವುದೋ ಅದೊಂದನ್ನು ಬರೆ. ಕಾರ್ಡಿನಲ್ಲಿ ಬರೆದರೂ ಸಾಕು, ಅಂಚೆಯವನು ಓದಿದರೂ ಓದಲಿ.

ಹದಿನೈದನೇ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಮ್ಮ